ಒಂದು ಹೆಸರು, ಎರಡು ಕಾಯಿಲೆ

ಆಮ್‌ಸ್ಟರ್‌ಡ್ಯಾಮ್‌ನ ಆಂಟನಿ ವಾನ್ ಲೇವೆನ್‌ಹುಕ್ ಆಸ್ಪತ್ರೆಯಲ್ಲಿ, ಜಗತ್ತಿನ ಎಲ್ಲ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿರುವಂತೆಯೇ, ರೋಗಿ ಮನೆಗೆ ಹೋದ ಮೇಲೂ, ತೀರಿಕೊಂಡ ಮೇಲೂ, ಅವನ ಕಾಯಿಲೆಯ ಒಂದು ತುಣುಕು ಉಳಿದಿರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಚೂರನ್ನು ಮೊದಲು ಫಾರ್ಮಲಿನ್‌ನಲ್ಲಿ ನೆನೆಹಾಕುತ್ತಾರೆ. ಆಮೇಲೆ ಆಲ್ಕೋಹಾಲಿನಲ್ಲಿ ಅದ್ದಿ ನೀರಿನಂಶವನ್ನೆಲ್ಲ ತೆಗೆದು, ಕರಗಿದ ಪ್ಯಾರಾಫಿನ್ ಮೇಣ ಹೊಯ್ದು ಗಟ್ಟಿಮಾಡುತ್ತಾರೆ. ಎರಡು ಬೆರಳಗಲದ ಆ ಮೇಣದ ಬಿಲ್ಲೆಯಿಂದ ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಕೂದಲಿಗಿಂತ ತೆಳ್ಳಗಿನ ಪೊರೆಗಳನ್ನು ಹೆರೆದು, ಗಾಜಿನ ಮೇಲೆ ಹರಡಿ, ನೀಲಿ-ಗುಲಾಬಿ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ನೋಡಿಯಾದ ಮೇಲೆ ಬಿಲ್ಲೆಗೆ ನಂಬರು ಹಾಕಿ ಕಪಾಟಿಗೆ ಸೇರಿಸುತ್ತಾರೆ. ಮೇಣದೊಳಗೆ ಜೀವಕೋಶದ ಆಕಾರ ಕೆಡುವುದಿಲ್ಲ. ಡಿಎನ್‌ಎ ತುಂಡುತುಂಡಾದರೂ ಹಲವು ದಶಕಗಳ ಕಾಲ ಉಳಿಯುತ್ತದೆ.

2006ರಲ್ಲಿ ಆ ಆಸ್ಪತ್ರೆಯ ಮೂತ್ರಾಂಗ ಶಸ್ತ್ರವೈದ್ಯರೂ ಅದೇ ಊರಿನ ವ್ರೈಯೆ ವಿಶ್ವವಿದ್ಯಾಲಯದ ಪೆಥಾಲಜಿಸ್ಟರೂ ಸೇರಿ ಅಂಥ ಹಳೆಯ ಬಿಲ್ಲೆಗಳನ್ನು ಹೊರತೆಗೆದು ನೋಡಿದ ಫಲಿತಾಂಶವನ್ನು ಪ್ರಕಟಿಸಿದರು. ಶಿಶ್ನದ ಕ್ಯಾನ್ಸರಿಗೆ ಅಲ್ಲಿ ಚಿಕಿತ್ಸೆ ಪಡೆದಿದ್ದ 171 ಗಂಡಸರ ಗಡ್ಡೆಗಳವು. ಅವುಗಳಲ್ಲಿ ಶೇ 29ರಷ್ಟರಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ, ಅಂದರೆ ಎಚ್‌ಪಿವಿಯ, ಅಪಾಯಕಾರಿ ತಳಿಗಳ ಡಿಎನ್‌ಎ ಸಿಕ್ಕಿತು. ಸಿಕ್ಕವುಗಳಲ್ಲಿ ಮುಕ್ಕಾಲು ಪಾಲು 16ನೇ ತಳಿ. ಇಷ್ಟರಲ್ಲಿ ಅಚ್ಚರಿ ಏನೂ ಇರಲಿಲ್ಲ. ಅಚ್ಚರಿ ಇದ್ದದ್ದು ಮುಂದಿನ ಸಾಲಿನಲ್ಲಿ. ಐದು ವರ್ಷ ಕಳೆಯುವಷ್ಟರಲ್ಲಿ ಈ ಕ್ಯಾನ್ಸರಿಗೆ ಬಲಿಯಾಗದೆ ಉಳಿದವರು ವೈರಸ್ ಇಲ್ಲದ ಗುಂಪಿನಲ್ಲಿ ಶೇ 78, ವೈರಸ್ ಇದ್ದ ಗುಂಪಿನಲ್ಲಿ ಶೇ 93.

ಕ್ಯಾನ್ಸರ್ ತರುವ ವೈರಸ್ ಮೈಯಲ್ಲಿದ್ದವರೇ ಹೆಚ್ಚು ಬದುಕಿದ್ದರು. ಒಂದೇ ಅಂಗ, ಒಂದೇ ಹೆಸರಿನ ರೋಗ, ಒಂದೇ ಬಗೆಯ ಶಸ್ತ್ರಚಿಕಿತ್ಸೆ. ಫಲ ಮಾತ್ರ ಬೇರೆ. ಇನ್ನೂರು ವರ್ಷ ವೈದ್ಯರು ಒಂದೇ ಎಂದುಕೊಂಡಿದ್ದ ಈ ಕಾಯಿಲೆ ವಾಸ್ತವವಾಗಿ ಎರಡು ಎಂಬುದಕ್ಕೆ ಸಿಕ್ಕ ಗಟ್ಟಿ ಸಾಕ್ಷಿಗಳಲ್ಲಿ ಇದೊಂದು. ಅಲ್ಲಿಗೆ ತಲುಪಲು ಇಷ್ಟು ಕಾಲ ಏಕೆ ಬೇಕಾಯಿತು ಎಂಬುದು ಹೇಳಬೇಕಾದ ಕಥೆ. ಅದರಲ್ಲಿ ವಿಜ್ಞಾನದ ಕಷ್ಟ ಎಷ್ಟಿದೆಯೋ ನಾಚಿಕೆಯ ಪಾತ್ರವೂ ಅಷ್ಟೇ ಇದೆ.

ನಾಚಿಕೆಯಿಂದಲೇ ಶುರುಮಾಡಬೇಕು. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವ ಹುಡುಗರಿಗೆ ಮುಂದೆ ವೃಷಣದ ಚೀಲದ ಮೇಲೆ ಬರುವ ಹುಣ್ಣಿನ ಬಗ್ಗೆ ಬರೆದ. ಇಕ್ಕಟ್ಟಾದ ಹೊಗೆಗೂಡಿನೊಳಗೆ ಇಳಿಯುವ ಆ ಮಕ್ಕಳ ಚರ್ಮದ ಮಡಿಕೆಗಳಲ್ಲಿ ಕೂರುವ ಮಸಿಯೇ ಇದಕ್ಕೆ ಕಾರಣ ಎಂದ. ಕಸುಬಿನಿಂದ ಕ್ಯಾನ್ಸರ್ ಬರುತ್ತದೆಂದು ತೋರಿಸಿದ ಮೊದಲ ಬರಹವೆಂದು ಅದನ್ನು ಇಂದಿಗೂ ಓದುತ್ತಾರೆ. ಅದೇ ಬರಹದಲ್ಲಿ ಪಾಟ್ ಇನ್ನೊಂದು ಮಾತು ಹೇಳಿದ್ದಾನೆ: ಹುಣ್ಣು ಇರುವ ಜಾಗ ನೋಡಿದೊಡನೆ ರೋಗಿಯೂ ವೈದ್ಯನೂ ಅದನ್ನು ಲೈಂಗಿಕ ರೋಗವೆಂದೇ ತಿಳಿದು ಪಾದರಸದ ಔಷಧಿ ಕೊಡುತ್ತಿದ್ದರು. ಪಾದರಸದಿಂದ ಹುಣ್ಣು ಇನ್ನಷ್ಟು ಕೆರಳುತ್ತಿತ್ತು, ಅಷ್ಟರಲ್ಲಿ ಕಾಲ ಮೀರುತ್ತಿತ್ತು. ಸೊಂಟದ ಕೆಳಗಿನ ಯಾವ ಕಾಯಿಲೆಯೇ ಆಗಲಿ, ಮೊದಲು ಕೇಳುವ ಪ್ರಶ್ನೆ ಗಂಡಸಿನ ನಡತೆಯದ್ದು. ಕಾಯಿಲೆ ಯಾವುದು ಎಂಬುದು ಆಮೇಲಿನ ಮಾತು. ಈ ಅಭ್ಯಾಸ ಪಾಟ್ ಕಾಲಕ್ಕೆ ಮುಗಿಯಲಿಲ್ಲ.

ಇಪ್ಪತ್ತನೇ ಶತಮಾನಕ್ಕೆ ಬಂದರೆ ನಡತೆಯ ಜಾಗದಲ್ಲಿ ಕೊಳೆ ಬಂದು ಕೂತಿತು. 1932ರಲ್ಲಿ ನ್ಯೂಯಾರ್ಕಿನ ಅಬ್ರಹಾಂ ವೋಲ್‌ಬಾರ್ಸ್ಟ್ ಎಂಬ ವೈದ್ಯ, ಹುಟ್ಟಿದ ಕೆಲವೇ ದಿನಗಳಲ್ಲಿ ಸುನ್ನತಿ ಮಾಡಿಸುವ ಯಹೂದಿಗಳಲ್ಲಿ ಶಿಶ್ನದ ಕ್ಯಾನ್ಸರ್ ಇಲ್ಲವೇ ಇಲ್ಲವೆನ್ನುವಷ್ಟು ವಿರಳವೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. ಭಾರತದ ಆಸ್ಪತ್ರೆಗಳ ದಾಖಲೆಗಳೂ ಇದಕ್ಕೆ ಪುಷ್ಟಿ ಕೊಟ್ಟವು. ಇಲ್ಲಿ ಮುಸ್ಲಿಮರಲ್ಲಿ ಈ ರೋಗ ಅಪರೂಪವಾಗಿತ್ತು, ಹಿಂದೂ ಗಂಡಸರಲ್ಲಿ ಹೆಚ್ಚಾಗಿತ್ತು. 1941ರಲ್ಲಿ ಮುಂಬಯಿಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆದ ಮೇಲೆ ಅಲ್ಲಿನ ಪೆಥಾಲಜಿಸ್ಟ್ ವಸಂತ ರಾಮಜಿ ಖಾನೋಲ್ಕರ್ ಇಂಥ ವ್ಯತ್ಯಾಸಗಳನ್ನು ತಾಳ್ಮೆಯಿಂದ ಕಲೆಹಾಕಿದರು. ಯಾರು ಏನು ಅಗಿಯುತ್ತಾರೆ, ಏನು ಸೇದುತ್ತಾರೆ, ಧೋತ್ರವನ್ನು ಎಲ್ಲಿ ಬಿಗಿಯುತ್ತಾರೆ ಎಂಬುದಕ್ಕೂ ಕ್ಯಾನ್ಸರ್ ಎಲ್ಲಿ ಹುಟ್ಟುತ್ತದೆ ಎಂಬುದಕ್ಕೂ ಇರುವ ನಂಟನ್ನು ಅವರು ಹುಡುಕಿದ ರೀತಿ ಇವತ್ತಿಗೂ ಗೌರವ ಹುಟ್ಟಿಸುತ್ತದೆ. ಜನರ ಬದುಕನ್ನು ಹೀಗಳೆಯದೆ ಗಮನಿಸಿದವರು ಅವರು.

ಆದರೆ ಆ ಅಂಕಿಗಳಿಂದ ಹೊರಟ ತೀರ್ಮಾನ ತೀರ ಸರಳವಾಗಿತ್ತು. ಮುಂದೊಗಲಿನಡಿ ಶೇಖರವಾಗುವ ಸ್ಮೆಗ್ಮಾ ಎಂಬ ಬಿಳಿಯ ಕೊಳೆಯಲ್ಲೇ ಕ್ಯಾನ್ಸರಿನ ವಿಷವಿದೆ ಎಂದುಕೊಂಡರು. 1947ರಲ್ಲಿ ಕುದುರೆಯ ಸ್ಮೆಗ್ಮಾವನ್ನು ಇಲಿಗಳ ಮೇಲೆ ಪ್ರಯೋಗಿಸಿ ಗಡ್ಡೆ ಬಂದಿತೆಂದು ವರದಿ ಮಾಡಿದವರೂ ಇದ್ದರು. ಆ ವಾದ ಮುಂದೆ ನಿಲ್ಲಲಿಲ್ಲ. ಸ್ಮೆಗ್ಮಾ ತಾನಾಗಿ ಕ್ಯಾನ್ಸರ್ ತರುತ್ತದೆಂದು ಈಗ ಯಾರೂ ಹೇಳುವುದಿಲ್ಲ. ಮುಂದೊಗಲು ಹಿಂದಕ್ಕೆ ಸರಿಯದೆ ಬಿಗಿಯಾಗಿರುವ ಫೈಮೋಸಿಸ್ ಎಂಬ ತೊಂದರೆ, ಅದರಿಂದಾಗುವ ದೀರ್ಘಕಾಲದ ಉರಿಯೂತ, ತಂಬಾಕು, ಇವು ಅಪಾಯ ಹೆಚ್ಚಿಸುವುದು ಮಾತ್ರ ನಿಜ. ಸುನ್ನತಿಯ ರಕ್ಷಣೆಯೂ ಬಹುಪಾಲು ಫೈಮೋಸಿಸ್ ಇಲ್ಲವಾಗುವುದರಿಂದ ಬರುವಂಥದ್ದು. ಕೊಳೆಯ ವಾದದಿಂದ ಆದ ದೊಡ್ಡ ನಷ್ಟವೆಂದರೆ, ಬಡ ರೋಗಿ ಆಸ್ಪತ್ರೆಗೆ ಬಂದಾಗ ತನ್ನ ಕಾಯಿಲೆಗೆ ತಾನೇ ಹೊಣೆ ಎಂಬ ತೀರ್ಪನ್ನು ತಲೆ ಮೇಲೆ ಹೊತ್ತೇ ಬರಬೇಕಾಯಿತು. ಬರಲು ಹಿಂಜರಿದ. ಹಿಂಜರಿದಷ್ಟೂ ಗಡ್ಡೆ ಬೆಳೆಯಿತು.

ಇತ್ತ ಬೇರೊಂದು ಕಡೆ, ಯಾರೂ ಕ್ಯಾನ್ಸರಿನ ಜೊತೆ ಸೇರಿಸಿ ನೋಡದ ಒಂದು ವಸ್ತುವಿನ ಮೇಲೆ ಕೆಲಸ ನಡೆದಿತ್ತು. ಅದು ನರೂಲಿ. 1907ರಲ್ಲಿ ಇಟಲಿಯ ಜುಸೆಪ್ಪೆ ಚೂಫೋ ನರೂಲಿಯನ್ನು ಅರೆದು, ಬ್ಯಾಕ್ಟೀರಿಯಾ ಕೂಡ ದಾಟಲಾಗದ ಸೋಸುಕದಲ್ಲಿ ಸೋಸಿ, ಆ ತಿಳಿಯನ್ನು ತನ್ನ ಚರ್ಮಕ್ಕೇ ಚುಚ್ಚಿಕೊಂಡ. ಅಲ್ಲಿ ನರೂಲಿ ಎದ್ದಿತು. ಅಂದರೆ ಕಾರಣ ಬ್ಯಾಕ್ಟೀರಿಯಾಕ್ಕಿಂತ ಚಿಕ್ಕದು, ವೈರಸ್. 1933ರಲ್ಲಿ ಅಮೆರಿಕದ ರಿಚರ್ಡ್ ಶೋಪ್ ಇದನ್ನೇ ಮೊಲಗಳಲ್ಲಿ ಮಾಡಿ ನೋಡಿದ. ಅಮೆರಿಕದ ಮಧ್ಯಭಾಗದ ಬಯಲುಗಳಲ್ಲಿ ಬೇಟೆಗಾರರು ತಲೆ, ಮುಖದ ಮೇಲೆ ಕೊಂಬಿನಂಥ ಕರಿಗಂಟುಗಳೆದ್ದ ಕಾಡುಮೊಲಗಳನ್ನು ನೋಡುತ್ತಿದ್ದರು. ಆ ಗಂಟುಗಳನ್ನು ಅರೆದು ಸೋಸಿ, ಗೀಚಿದ ಚರ್ಮಕ್ಕೆ ಸವರಿದರೆ ಬೇರೆ ಮೊಲಗಳಿಗೂ ಗಂಟು ಬರುತ್ತಿತ್ತು. ಅಮೆರಿಕದ ಇನ್ನೊಬ್ಬ ಸಂಶೋಧಕ ಪೇಟನ್ ರೌಸ್ ಅದೇ ವೈರಸ್ಸನ್ನು ಸಾಕುಮೊಲಗಳಿಗೆ ತಗುಲಿಸಿದಾಗ ಗಂಟು ಕ್ಯಾನ್ಸರಾಗಿ ತಿರುಗಿತು. ವಿಚಿತ್ರವೆಂದರೆ ಸಾಕುಮೊಲದ ಗಡ್ಡೆಯಿಂದ ಮರಳಿ ವೈರಸ್ ತೆಗೆಯಲು ಹೋದರೆ ಸಿಗುತ್ತಿರಲಿಲ್ಲ. ಕಳ್ಳ ಮನೆಯೊಳಗೇ ಇದ್ದ. ಅವನನ್ನು ಹುಡುಕುವ ವಿಧಾನ ಆ ಕಾಲದಲ್ಲಿ ಇರಲಿಲ್ಲ.

ಮನುಷ್ಯರಲ್ಲೂ ನರೂಲಿ ಕ್ಯಾನ್ಸರಿನಂತೆ ವರ್ತಿಸುವುದನ್ನು ಕಣ್ಣಾರೆ ಕಂಡವರಿದ್ದರು. ಬರ್ಲಿನ್ನಿನ ಚರ್ಮವೈದ್ಯ ಅಬ್ರಹಾಂ ಬುಶ್ಕೆ ಮತ್ತು ಅವರ ಸಹೋದ್ಯೋಗಿ ಲುಡ್ವಿಗ್ ಲೋವೆನ್‌ಸ್ಟೈನ್ 1925ರಲ್ಲಿ ಶಿಶ್ನದ ಮೇಲೆ ಹೂಕೋಸಿನಂತೆ ಹಬ್ಬುವ, ಸುತ್ತಲಿನ ಅಂಗಾಂಶವನ್ನು ಒತ್ತಿ ತಿಂದುಹಾಕುವ ದೈತ್ಯ ನರೂಲಿಯೊಂದನ್ನು ವರ್ಣಿಸಿದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಸಾಧು ನರೂಲಿಯೇ, ಬರಿಗಣ್ಣಿಗೆ ಕ್ಯಾನ್ಸರ್. ನರೂಲಿಗೂ ಕ್ಯಾನ್ಸರಿಗೂ ನಡುವಿನ ಗೆರೆ ಇಲ್ಲಿ ಮಸುಕಾಗಿದೆಯಲ್ಲ ಎಂದು ಅವರು ಯೋಚಿಸುತ್ತಿದ್ದ ಕಾಲದಲ್ಲೇ ಜರ್ಮನಿ ಬೇರೆ ದಾರಿ ಹಿಡಿಯಿತು. ಯಹೂದಿಯಾಗಿದ್ದ ಬುಶ್ಕೆಯನ್ನು 1933ರಲ್ಲಿ ಆಸ್ಪತ್ರೆಯ ಹುದ್ದೆಯಿಂದ ಕಿತ್ತುಹಾಕಿದರು. 1942ರಲ್ಲಿ ಟೆರೇಝಿಯೆನ್‌ಶ್ಟಾಟ್ ನಾಜಿ ಶಿಬಿರಕ್ಕೆ ಸಾಗಿಸಿದರು. ಮರುವರ್ಷ ಅವರು ಅಲ್ಲೇ ತೀರಿಕೊಂಡರು. 1980ರ ದಶಕದ ಆರಂಭದಲ್ಲಿ, ಅದೇ ಜರ್ಮನಿಯ ಪ್ರಯೋಗಾಲಯವೊಂದರಲ್ಲಿ, ಬುಶ್ಕೆಯ ಹೆಸರು ಹೊತ್ತ ಗಡ್ಡೆಯೊಳಗೆ 6ನೇ ತಳಿಯ ಎಚ್‌ಪಿವಿ ಪತ್ತೆಯಾಯಿತು. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಬರೆಯುವಾಗ ಕೈ ತಡೆಯುತ್ತದೆ.

ಆ ಪ್ರಯೋಗಾಲಯ ಹರಾಲ್ಡ್ ಝುರ್ ಹೌಸನ್‌ ಅವರದ್ದು. ಅವರು ಹುಡುಕುತ್ತಿದ್ದುದು ಹೆಂಗಸರ ಕಾಯಿಲೆಯ ಕಾರಣವನ್ನು, ಗರ್ಭಕಂಠದ ಕ್ಯಾನ್ಸರಿನದನ್ನು. 1842ರಲ್ಲೇ ವೆರೋನಾದ ವೈದ್ಯ ಡೊಮೆನಿಕೋ ರಿಗೋನಿ-ಸ್ಟೆರ್ನ್ ಆ ನಗರದ ಎಂಟು ದಶಕಗಳ ಮರಣ ದಾಖಲೆ ತೆಗೆದು, ಗರ್ಭಕೋಶದ ಕ್ಯಾನ್ಸರ್ ಮದುವೆಯಾದವರಲ್ಲಿ ಹೆಚ್ಚು, ಸನ್ಯಾಸಿನಿಯರಲ್ಲಿ ವಿರಳ ಎಂದು ತೋರಿಸಿದ್ದ. ಏನೋ ಒಂದು ದಾಂಪತ್ಯದ ಮೂಲಕ ದಾಟುತ್ತಿದೆ ಎಂಬ ಗುಮಾನಿ ಅಲ್ಲಿಂದಲೇ ಇತ್ತು. 1969ರಲ್ಲಿ ಪೋರ್ಟೊ ರಿಕೊ ದ್ವೀಪದಿಂದ ಬಂದ ಅಧ್ಯಯನ ಇನ್ನೊಂದು ತುದಿಯಿಂದ ಅದೇ ಗಂಟನ್ನು ಹಿಡಿಯಿತು. ಶಿಶ್ನದ ಕ್ಯಾನ್ಸರ್ ಬಂದ ಗಂಡಸರ ಹೆಂಡತಿಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಬೇರೆ ಹೆಂಗಸರಿಗಿಂತ ಹೆಚ್ಚಾಗಿತ್ತು. ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಾರಣವಿರಬಹುದೆಂದು ಇದಕ್ಕಿಂತ ನೇರವಾಗಿ ಹೇಳುವುದು ಕಷ್ಟ.

1970ರ ದಶಕದಲ್ಲಿ ಎಲ್ಲರ ಬೆರಳು ತೋರುತ್ತಿದ್ದುದು ಹರ್ಪಿಸ್ ವೈರಸ್ಸಿನ ಕಡೆ. ಝುರ್ ಹೌಸನ್ ಗರ್ಭಕಂಠದ ಗಡ್ಡೆಗಳಲ್ಲಿ ಹರ್ಪಿಸ್ಸಿನ ಡಿಎನ್‌ಎ ಹುಡುಕಿದರು, ಸಿಗಲಿಲ್ಲ. 1974ರಲ್ಲಿ ಫ್ಲಾರಿಡಾದ ಕೀ ಬಿಸ್ಕೇನ್‌ನಲ್ಲಿ ನಡೆದ ಸಭೆಯಲ್ಲಿ ಅದನ್ನೇ ಹೇಳಿದರು. ಸಭೆ ಮೌನವಾಗಿ ಕೇಳಿ ಮುಂದಕ್ಕೆ ಹೋಯಿತು. ಎರಡು ವರ್ಷದ ನಂತರ, ಕಾರಣ ನರೂಲಿಯ ವೈರಸ್ ಇರಬಹುದೆಂಬ ತಮ್ಮ ಊಹೆಯನ್ನು ಪ್ರಕಟಿಸಿದರು. ನರೂಲಿ ಕ್ಯಾನ್ಸರ್ ತರುತ್ತದೆಯೆ ಎಂಬ ಅಪನಂಬಿಕೆಯೇ ಹೆಚ್ಚಿತ್ತು. ಆದರೆ ನರೂಲಿಯ ವೈರಸ್ ಒಂದಲ್ಲ, ಅದರಲ್ಲಿ ಹತ್ತಾರು ತಳಿಗಳಿವೆ ಎಂದು ತಿಳಿಯುತ್ತಾ ಹೋದಂತೆ ಚಿತ್ರ ಬದಲಾಯಿತು. ಲುಟ್ಜ್ ಗಿಸ್ಮನ್, ಎಥೆಲ್-ಮಿಷೆಲ್ ದ ವಿಲಿಯೆ, ಮಥಿಯಾಸ್ ಡ್ಯೂರ್ಸ್ಟ್ ಮುಂತಾದ ಸಂಗಾತಿಗಳ ಜೊತೆ ತಳಿಗಳನ್ನು ಒಂದೊಂದಾಗಿ ಬೇರ್ಪಡಿಸಿ, 1983ರಲ್ಲಿ 16ನೇ ತಳಿಯನ್ನೂ ಮರುವರ್ಷ 18ನೇ ತಳಿಯನ್ನೂ ಗರ್ಭಕಂಠದ ಗಡ್ಡೆಗಳಿಂದಲೇ ಹೊರತೆಗೆದರು. 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

1983ರ ಆ ಪ್ರಬಂಧದಲ್ಲಿ ಗರ್ಭಕಂಠದ ಗಡ್ಡೆಗಳ ಜೊತೆಗೆ ಬೆರಳೆಣಿಕೆಯಷ್ಟು ಶಿಶ್ನದ ಗಡ್ಡೆಗಳನ್ನೂ ಪರೀಕ್ಷಿಸಿದ್ದರು. ಅಲ್ಲೂ 16ನೇ ತಳಿ ಸಿಕ್ಕಿತ್ತು. ಗಂಡಸರ ಕಾಯಿಲೆಯೊಳಗೆ ಈ ವೈರಸ್ ಮೊದಲು ಕಂಡದ್ದು ಹೀಗೆ, ಹೆಂಗಸರ ಕಾಯಿಲೆಯ ಅಡಿಟಿಪ್ಪಣಿಯಾಗಿ. ಅದರಲ್ಲಿ ತಪ್ಪೇನಿಲ್ಲ, ಗರ್ಭಕಂಠದ ಕ್ಯಾನ್ಸರಿನಿಂದ ಸಾಯುವ ಹೆಂಗಸರ ಸಂಖ್ಯೆಯ ಮುಂದೆ ಇದು ಸಣ್ಣದು. ಆದರೂ ಮುಂದಿನ ಇಪ್ಪತ್ತು ವರ್ಷ ವೈದ್ಯಕೀಯ ಬರಹಗಳಲ್ಲಿ ಗಂಡಸು ಕಾಣಿಸಿಕೊಂಡದ್ದು ಬಹುಪಾಲು ವೈರಸ್ಸನ್ನು ಹೊತ್ತು ತರುವವನಾಗಿ, ಸ್ವತಃ ರೋಗಿಯಾಗಿ ಅಲ್ಲ. 1987ರಲ್ಲಿ ಪ್ಯಾರಿಸ್ಸಿನ ಬರ್ರಾಸೋ, ಓರ್ತ್ ಮತ್ತು ಜೊತೆಗಾರರು ಗರ್ಭಕಂಠದಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆಯಿದ್ದ ಹೆಂಗಸರ ಸಂಗಾತಿಗಳನ್ನು ಕರೆಸಿ ನೋಡಿದರು. ಬರಿಗಣ್ಣಿಗೆ ಚರ್ಮ ಸರಿಯಾಗಿಯೇ ಇತ್ತು. ತೆಳು ಅಸಿಟಿಕ್ ಆಮ್ಲ ಹಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲಲ್ಲಿ ಬಿಳಿ ಮಚ್ಚೆಗಳು ಎದ್ದವು, ಅವುಗಳಲ್ಲಿ ಹಲವು ಕ್ಯಾನ್ಸರಿನ ಹಾದಿ ಹಿಡಿದಿದ್ದ ಕೋಶಗಳು.

ಇಷ್ಟಾಗಿಯೂ, ವೈರಸ್ ತಗುಲಿದ ಗಂಡಸರಲ್ಲಿ ಕ್ಯಾನ್ಸರ್ ಬರುವುದು ತೀರ ಅಪರೂಪ. ಬ್ರೆಜಿಲ್, ಮೆಕ್ಸಿಕೊ, ಅಮೆರಿಕದ ಸಾವಿರಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಜನರ ಜನನಾಂಗದಲ್ಲಿ ಯಾವುದಾದರೂ ಒಂದು ತಳಿಯ ಎಚ್‌ಪಿವಿ ಇತ್ತು. ಸಾಮಾನ್ಯವಾಗಿ ಏಳೆಂಟು ತಿಂಗಳಲ್ಲಿ ದೇಹ ತಾನೇ ಅದನ್ನು ತೊಡೆದುಹಾಕುತ್ತಿತ್ತು. ಯಾರ ಮೈಯಲ್ಲಿ ಅದು ಹೋಗದೆ ವರ್ಷಗಟ್ಟಲೆ ಬೇರೂರುತ್ತದೆಯೋ ಅಂಥ ಕೆಲವರಿಗಷ್ಟೇ ಅಪಾಯ. ಆದ್ದರಿಂದ ಎಚ್‌ಪಿವಿ ಇದೆ ಎಂಬ ಒಂದು ವರದಿಯಿಂದ ಯಾರ ನಡತೆಯನ್ನೂ ಅಳೆಯಲಾಗದು. ಮದುವೆಯಾದ, ಒಬ್ಬರೇ ಸಂಗಾತಿಯಿರುವ ಸಾಮಾನ್ಯ ಜನರಿಗೂ ಬದುಕಿನಲ್ಲಿ ಒಮ್ಮೆಯಾದರೂ ಬಂದುಹೋಗಬಹುದಾದ ಸೋಂಕು ಇದು.

ಈಗ ಕಥೆ ಪರಾಗ್ವೆಗೆ ಹೋಗುತ್ತದೆ. ಶಿಶ್ನದ ಕ್ಯಾನ್ಸರ್ ಹೆಚ್ಚಾಗಿ ಕಾಣುವ ದೇಶಗಳಲ್ಲಿ ದಕ್ಷಿಣ ಅಮೆರಿಕದ ಈ ಪುಟ್ಟ ನಾಡೂ ಒಂದು. ಈ ರೋಗದ ಬಗ್ಗೆ ಜಗತ್ತಿಗೆ ಗೊತ್ತಿರುವ ಎರಡು ಮುಖ್ಯ ಸಂಗತಿಗಳನ್ನು ಕೊಟ್ಟವರು ಅಲ್ಲಿನ ಇಬ್ಬರು. ಮೊದಲನೆಯವರು ಶಸ್ತ್ರವೈದ್ಯ ರಮೋನ್ ಕಬಾನ್ಯಾಸ್. ಈ ಕ್ಯಾನ್ಸರ್ ಶಿಶ್ನದಿಂದ ಮೊದಲು ಹೋಗುವುದು ತೊಡೆಸಂದಿನ ದುಗ್ಧಗ್ರಂಥಿಗಳಿಗೆ. ಅಲ್ಲಿಗೆ ಹೋಗಿದೆಯೋ ಇಲ್ಲವೋ ತಿಳಿಯದೆ ಎಲ್ಲ ಗ್ರಂಥಿಗಳನ್ನೂ ಬಗೆದು ತೆಗೆದರೆ ಗಾಯ ಕೂಡುವುದಿಲ್ಲ, ಕಾಲು ಬಾತು ಜೀವನಪೂರ್ತಿ ಭಾರವಾಗುತ್ತದೆ. ತೆಗೆಯದೆ ಬಿಟ್ಟರೆ ಒಳಗೆ ಅಡಗಿದ್ದ ಕ್ಯಾನ್ಸರ್ ಜೀವ ತೆಗೆಯುತ್ತದೆ. ಕಬಾನ್ಯಾಸ್ ಶಿಶ್ನದ ಮೇಲ್ಭಾಗದ ಸೂಜಿಮೊನೆಯಷ್ಟು ಸಣ್ಣ ದುಗ್ಧನಾಳಗಳಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು, ಅದು ಮೊದಲು ತಲುಪುವ ಗ್ರಂಥಿ ಯಾವುದೆಂದು ಗುರುತಿಸಿದರು. ಆ ಮೊದಲ ಗ್ರಂಥಿಯನ್ನಷ್ಟೇ ತೆಗೆದು ನೋಡಿದರೆ ಸಾಕು, ಅದು ಶುದ್ಧವಿದ್ದರೆ ಮಿಕ್ಕವನ್ನು ಮುಟ್ಟಬೇಕಿಲ್ಲ ಎಂದು 1977ರಲ್ಲಿ ಬರೆದರು. ಕಾವಲು ಗ್ರಂಥಿಯ ಈ ವಿಚಾರ ಮುಂದೆ ಸ್ತನ ಕ್ಯಾನ್ಸರಿನ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಇಂದು ಲಕ್ಷಾಂತರ ಹೆಂಗಸರ ತೋಳು ಊದದೆ ಉಳಿದಿರುವುದರ ಹಿಂದೆ ಪರಾಗ್ವೆಯ ಈ ವೈದ್ಯನ ಯೋಚನೆಯೂ ಇದೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೈಮನ್ ಹೋರೆನ್‌ಬ್ಲಾಸ್ 1994ರಿಂದ ವಿಕಿರಣದ ಗುರುತು ಮತ್ತು ನೀಲಿ ಬಣ್ಣ ಬಳಸಿ ಇದೇ ವಿಧಾನವನ್ನು ಪರಿಷ್ಕರಿಸಿದರು. 2006ರ ವೈರಸ್ ಅಧ್ಯಯನದಲ್ಲೂ ಅವರ ಹೆಸರಿದೆ.

ಎರಡನೆಯವರು ಅಸುನ್ಸಿಯೋನ್ ನಗರದ ಪೆಥಾಲಜಿಸ್ಟ್ ಆಂಟೋನಿಯೊ ಕುಬಿಯಾ. ಶಿಶ್ನದ ಕ್ಯಾನ್ಸರೆಂದು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದ ಗಡ್ಡೆಗಳನ್ನು ನೂರಾರು ಸಂಖ್ಯೆಯಲ್ಲಿ ನೋಡುತ್ತಾ ಹೋದಂತೆ ಅವರಿಗೆ ಬೇರೆ ಬೇರೆ ಮುಖಗಳು ಕಂಡವು. ಬಹುಪಾಲು ಗಡ್ಡೆಗಳಲ್ಲಿ ಕೋಶಗಳು ಇನ್ನೂ ಚರ್ಮದ ಲಕ್ಷಣ ಉಳಿಸಿಕೊಂಡು, ಕೆರಾಟಿನ್ ಎಂಬ ಗಟ್ಟಿ ಪದಾರ್ಥ ತಯಾರಿಸುತ್ತಿದ್ದವು. ಇನ್ನು ಕೆಲವು ಬೇರೆಯೇ. ಅವುಗಳಲ್ಲಿ ಸಣ್ಣ, ಕಪ್ಪು, ಒತ್ತೊತ್ತಾದ ಕೋಶಗಳ ಗೂಡುಗಳು, ಗೂಡಿನ ನಡುವೆ ಸತ್ತ ಕೋಶಗಳ ರಾಶಿ. ಇವನ್ನು ಬೇಸಲಾಯ್ಡ್ ಎಂದು ಕರೆದರು. ನರೂಲಿಯ ಲಕ್ಷಣವಿದ್ದವನ್ನು ವಾರ್ಟಿ ಎಂದರು. 1995ರಲ್ಲಿ ಕುಬಿಯಾ ಅಮೆರಿಕದ ಸಂಶೋಧಕರ ಜೊತೆ ಪ್ರಕಟಿಸಿದ ಅಧ್ಯಯನದಲ್ಲಿ ಎಚ್‌ಪಿವಿ ಸಿಕ್ಕಿದ್ದು ಮುಖ್ಯವಾಗಿ ಈ ಎರಡು ಬಗೆಗಳಲ್ಲಿ. ಚರ್ಮದಂಥ ಸಾಧಾರಣ ಗಡ್ಡೆಗಳಲ್ಲಿ ವೈರಸ್ ಅಷ್ಟಾಗಿ ಇರಲಿಲ್ಲ.

ಪೆಥಾಲಜಿಯಲ್ಲಿ ಒಂದು ಹಳೆಯ ನಂಬಿಕೆ: ಕೋಶ ತನ್ನ ಮೂಲ ರೂಪದಿಂದ ದೂರ ಸರಿದಷ್ಟೂ ಗಡ್ಡೆ ಕೆಟ್ಟದ್ದು. ಬೇಸಲಾಯ್ಡ್ ಗಡ್ಡೆಗಳು ಮೂಲ ರೂಪದಿಂದ ತೀರ ದೂರ ಸರಿದಂಥವು, ಆಳಕ್ಕೆ ಇಳಿಯುವಂಥವು. ಹಾಗಾದರೆ ವೈರಸ್ ಇರುವುದು ಕೆಟ್ಟ ಸೂಚನೆ ಎಂದುಕೊಳ್ಳುವುದು ಸಹಜವಾಗಿತ್ತು. 2001ರಲ್ಲಿ ಬ್ರೆಜಿಲ್ಲಿನ ಸಾವೊ ಪಾಲೊದ ವೈದ್ಯರು ತಮ್ಮ 82 ರೋಗಿಗಳಲ್ಲಿ ವೈರಸ್ಸಿಗೂ ಬದುಕುಳಿಯುವಿಕೆಗೂ ಸಂಬಂಧ ಕಾಣಲಿಲ್ಲ ಎಂದರು. ಅಪರೂಪದ ಕಾಯಿಲೆಯ ಕಷ್ಟವೇ ಇದು. ಶ್ರೀಮಂತ ದೇಶಗಳಲ್ಲಿ ವರ್ಷಕ್ಕೆ ಲಕ್ಷ ಗಂಡಸರಲ್ಲಿ ಒಬ್ಬರಿಗೂ ಬಾರದ ರೋಗ. ಹೆಚ್ಚಾಗಿ ಇರುವ ದೇಶಗಳಲ್ಲಿ ರೋಗಿ ಒಮ್ಮೆ ಊರಿಗೆ ಮರಳಿದರೆ ಐದು ವರ್ಷದ ಮೇಲೆ ಅವನು ಏನಾದ ಎಂದು ಬರೆದಿಡುವವರು ಕಡಿಮೆ.

2006ರ ಆಮ್‌ಸ್ಟರ್‌ಡ್ಯಾಮ್ ಫಲಿತಾಂಶ ಆ ಸಹಜ ಎಣಿಕೆಯನ್ನು ತಲೆಕೆಳಗು ಮಾಡಿತು. ಒಂದು ಆಸ್ಪತ್ರೆಯ ಅಂಕಿ ಆಕಸ್ಮಿಕವೂ ಇರಬಹುದೆಂದು ಅದೇ ಆಸ್ಪತ್ರೆಯವರು ಅನಂತರದ ವರ್ಷಗಳಲ್ಲಿ ಬಂದ 212 ಹೊಸ ರೋಗಿಗಳಲ್ಲಿ ಮತ್ತೆ ನೋಡಿದರು. 2015ರಲ್ಲಿ ಪ್ರಕಟವಾದ ಆ ವರದಿಯಲ್ಲಿ ವೈರಸ್ ಇದ್ದವರು ಶೇ 25. ಐದು ವರ್ಷ ಈ ರೋಗಕ್ಕೆ ಬಲಿಯಾಗದವರು ಅವರಲ್ಲಿ ಶೇ 96, ಉಳಿದವರಲ್ಲಿ ಶೇ 82. 2018ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಬೇರೆ ಬೇರೆ ದೇಶಗಳ 20 ಅಧ್ಯಯನಗಳನ್ನು ಒಟ್ಟು ಮಾಡಿ ಲೆಕ್ಕ ಹಾಕಿದಾಗ, ಎಚ್‌ಪಿವಿ ಇರುವ ಗಡ್ಡೆಯವರಲ್ಲಿ ಈ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು ಶೇ 40ರಷ್ಟು ಕಡಿಮೆ ಎಂದು ಬಂತು.

ಏಕೆ ಹೀಗೆ? ಜೀವಕೋಶ ಎಗ್ಗಿಲ್ಲದೆ ಹೆಚ್ಚದಂತೆ ತಡೆಯುವ ಎರಡು ಮುಖ್ಯ ಪ್ರೋಟೀನುಗಳು ನಮ್ಮಲ್ಲಿವೆ, ಪಿ53 ಮತ್ತು ಆರ್‌ಬಿ. ಎಚ್‌ಪಿವಿಯ ಇ6 ಎಂಬ ಪ್ರೋಟೀನು ಪಿ53ಯನ್ನು ನಾಶಮಾಡಿಸುತ್ತದೆ, ಇ7 ಎಂಬುದು ಆರ್‌ಬಿಯನ್ನು ಕಟ್ಟಿಹಾಕುತ್ತದೆ. ಇದು 1989-90ರ ಹೊತ್ತಿಗೆ ತಿಳಿದ ವಿಷಯ. ವೈರಸ್ ಇಲ್ಲದ ಗಡ್ಡೆಯಲ್ಲೂ ಈ ತಡೆಗಳು ಮುರಿದಿರುತ್ತವೆ, ಆದರೆ ಬೇರೆ ಬಗೆಯಲ್ಲಿ. ವರ್ಷಾನುಗಟ್ಟಲೆ ಉರಿಯೂತ, ತಂಬಾಕುಗಳಿಂದ ಜೀನ್‌ಗಳೇ ಒಂದಾದ ಮೇಲೊಂದು ಕೆಟ್ಟು, ಪಿ53ಯ ಜೀನು ಕೂಡ ವಿಕಾರವಾಗಿರುತ್ತದೆ. ವೈರಸ್ಸಿನ ಗಡ್ಡೆಯಲ್ಲಿ ಆ ಜೀನು ಸಾಮಾನ್ಯವಾಗಿ ಹಾಳಾಗದೆ ಉಳಿದಿರುತ್ತದೆ. ಜೊತೆಗೆ ಗಡ್ಡೆಯ ಪ್ರತಿ ಕೋಶವೂ ಹೊರಗಿನವನ ಪ್ರೋಟೀನನ್ನು ಹೊತ್ತಿರುವುದರಿಂದ ದೇಹದ ರೋಗನಿರೋಧಕ ಪಡೆಗೆ ಅದು ಪರಕೀಯವೆಂದು ಗುರುತು ಸಿಗುವ ಸಾಧ್ಯತೆ ಹೆಚ್ಚು. ಗಂಟಲಿನ ಟಾನ್ಸಿಲ್ ಭಾಗದ ಕ್ಯಾನ್ಸರಿನಲ್ಲೂ ಇದೇ ಕಥೆ ಇನ್ನಷ್ಟು ಸ್ಪಷ್ಟವಾಗಿ ಕಂಡಿತ್ತು. 2010ರ ಅಮೆರಿಕದ ಅಧ್ಯಯನವೊಂದರಲ್ಲಿ ಮೂರು ವರ್ಷ ಬದುಕಿದವರು ಎಚ್‌ಪಿವಿ ಇದ್ದವರಲ್ಲಿ ಶೇ 82, ಇಲ್ಲದವರಲ್ಲಿ ಶೇ 57. ಅಲ್ಲಿ ವಿಕಿರಣ ಚಿಕಿತ್ಸೆಗೆ ವೈರಸ್ಸಿನ ಗಡ್ಡೆ ಬೇಗ ಕರಗುವುದೇ ದೊಡ್ಡ ಕಾರಣವೆಂದರು. ಆದರೆ ಶಿಶ್ನದ ಕ್ಯಾನ್ಸರಿಗೆ ಮುಖ್ಯ ಚಿಕಿತ್ಸೆ ಶಸ್ತ್ರಚಿಕಿತ್ಸೆ. ಬರೀ ಕತ್ತರಿಸಿ ತೆಗೆದವರಲ್ಲೂ ವ್ಯತ್ಯಾಸ ಕಂಡಿದೆ ಎಂದ ಮೇಲೆ ವಿಕಿರಣವೊಂದೇ ಉತ್ತರವಾಗಲಾರದು. ಗಡ್ಡೆಯ ಸ್ವಭಾವವೇ ಬೇರೆ ಎನ್ನುವುದು ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ.

ಇದನ್ನು ಆಸ್ಪತ್ರೆಯಲ್ಲಿ ಗುರುತಿಸಲು ವೈರಸ್ಸಿನ ಡಿಎನ್‌ಎಯನ್ನೇ ಹುಡುಕಬೇಕಿಲ್ಲ. ಕೋಶದಲ್ಲಿ ಪಿ16 ಎಂಬ ಇನ್ನೊಂದು ಪ್ರೋಟೀನಿದೆ. ಆರ್‌ಬಿಯ ಮೂಲಕ ಕೋಶದ ವಿಭಜನೆಗೆ ತಡೆ ಹಾಕುವುದು ಅದರ ಕೆಲಸ. ವೈರಸ್ ಆರ್‌ಬಿಯನ್ನೇ ಕೆಡಿಸಿಬಿಟ್ಟಾಗ, ತೂಬು ಮುರಿದ ಕೆರೆಯಲ್ಲಿ ನೀರುಗಂಟಿ ಸುಮ್ಮನೆ ತಿರುಪು ತಿರುಗಿಸುತ್ತಲೇ ಇದ್ದಂತೆ, ಕೋಶ ಪಿ16 ಅನ್ನು ತಯಾರಿಸುತ್ತಲೇ ಹೋಗುತ್ತದೆ. ಮೇಣದ ಬಿಲ್ಲೆಯಿಂದ ಹೆರೆದ ಪೊರೆಗೆ ಸರಿಯಾದ ಬಣ್ಣ ಹಾಕಿದರೆ ಗಡ್ಡೆಯ ತುಂಬ ಒತ್ತಾದ ಕಂದು ಬಣ್ಣ ಕಾಣುತ್ತದೆ. ಸಾಮಾನ್ಯ ಪ್ರಯೋಗಾಲಯದಲ್ಲೂ ಮಾಡಬಹುದಾದ ಪರೀಕ್ಷೆಯಿದು. ಡೆನ್ಮಾರ್ಕಿನ ಅದೇ ಲೆಕ್ಕಾಚಾರದಲ್ಲಿ ಪಿ16ರ ಕಂದು ಬಣ್ಣ ಕಂಡವರ ಸಾವಿನ ಅಪಾಯ ಅರ್ಧಕ್ಕಿಂತಲೂ ಕಡಿಮೆಯಿತ್ತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಶಿಶ್ನದ ಕ್ಯಾನ್ಸರನ್ನು ಎಚ್‌ಪಿವಿಗೆ ಸಂಬಂಧಿಸಿದ್ದು, ಸಂಬಂಧಿಸದ್ದು ಎಂದು ಅಧಿಕೃತವಾಗಿ ಎರಡಾಗಿ ಒಡೆಯಿತು. ಅಸುನ್ಸಿಯೋನಿನ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಕೊನೆಗೂ ಪುಸ್ತಕದಲ್ಲಿ ಜಾಗ ಪಡೆಯಿತು.

ಇವೆರಡರಲ್ಲಿ ಯಾವುದರ ಪಾಲು ಎಷ್ಟು? 2016ರಲ್ಲಿ 25 ದೇಶಗಳ 1,010 ಗಡ್ಡೆಗಳನ್ನು ಒಂದೇ ವಿಧಾನದಲ್ಲಿ ಪರೀಕ್ಷಿಸಿದಾಗ ಮೂರರಲ್ಲಿ ಒಂದರಲ್ಲಿ ಎಚ್‌ಪಿವಿ ಸಿಕ್ಕಿತು. ಹಲವು ಅಧ್ಯಯನಗಳನ್ನು ಒಟ್ಟು ಮಾಡಿದ 2019ರ ಇನ್ನೊಂದು ಲೆಕ್ಕ ಅರ್ಧದಷ್ಟು ಎನ್ನುತ್ತದೆ. ವೈರಸ್ ಅಲ್ಲಿ ಸುಮ್ಮನೆ ಇದ್ದದ್ದಕ್ಕೂ ಅದೇ ಗಡ್ಡೆಯನ್ನು ಹುಟ್ಟಿಸಿದ್ದಕ್ಕೂ ವ್ಯತ್ಯಾಸವಿದೆ, ಆದ್ದರಿಂದ ನೋಡುವ ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ.

ವೈರಸ್ ಇದೆ ಎಂದರೆ ಚಿಕಿತ್ಸೆ ಕಡಿಮೆ ಮಾಡಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಗಂಟಲಿನ ಕ್ಯಾನ್ಸರಿನ ವೈದ್ಯರು ಅದನ್ನು ಮಾಡಿ ನೋಡಿದ್ದಾರೆ. ಸಿಸ್‌ಪ್ಲಾಟಿನ್ ಎಂಬ ಕಠಿಣ ಔಷಧಿಯ ಬದಲು ಸೌಮ್ಯವೆಂದುಕೊಂಡ ಸಿಟುಕ್ಸಿಮ್ಯಾಬ್ ಕೊಟ್ಟ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2018ರ ಸುಮಾರಿಗೆ ಬಂತು. ಸೌಮ್ಯ ಔಷಧಿ ಪಡೆದವರೇ ಹೆಚ್ಚು ಸತ್ತಿದ್ದರು. ಅಂಥ ಪಾಠದ ಮುಂದೆ ಶಿಶ್ನದ ಕ್ಯಾನ್ಸರಿನ ವೈದ್ಯರು ಅವಸರ ಮಾಡದೆ ಇರುವುದು ಸರಿಯಾಗಿಯೇ ಇದೆ. ವೈರಸ್ ಇರಲಿ ಇಲ್ಲದಿರಲಿ, ರೋಗಿಯ ಹಣೆಬರಹವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಇವತ್ತಿಗೂ ತೊಡೆಸಂದಿನ ಗ್ರಂಥಿಗಳೇ. ಅವು ಶುದ್ಧವಾಗಿದ್ದರೆ ಬಹುತೇಕ ಎಲ್ಲರೂ ಉಳಿಯುತ್ತಾರೆ. ಕ್ಯಾನ್ಸರ್ ಅವನ್ನು ದಾಟಿ ಕಿಬ್ಬೊಟ್ಟೆಯ ಒಳಗಿನ ಗ್ರಂಥಿಗಳಿಗೆ ಹೋಗಿದ್ದರೆ ಉಳಿಯುವವರು ಕೆಲವರೇ.

ಕರ್ನಾಟಕದಲ್ಲಿ ಕ್ಯಾನ್ಸರ್ ಬಂದವರನ್ನು ಜನಸಂಖ್ಯೆಯ ಆಧಾರದಲ್ಲಿ ಎಣಿಸಲು ಶುರುವಾದದ್ದು 1982ರಲ್ಲಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ನೋಂದಣಿ ಕೇಂದ್ರದ ಮೂಲಕ. ಅದಕ್ಕೆ ಒಂದು ವರ್ಷದ ಆಚೀಚೆ ಜರ್ಮನಿಯಲ್ಲಿ 16ನೇ ತಳಿ ಸಿಕ್ಕಿತ್ತು. ಎಣಿಕೆ ಆಸ್ಪತ್ರೆಗೆ ಬಂದವರದ್ದು. ಹೇಳಲಾಗದೆ ಮನೆಯಲ್ಲೇ ಉಳಿದವರು ಯಾವ ಪಟ್ಟಿಗೂ ಸೇರುವುದಿಲ್ಲ. ಹಳ್ಳಿಗಳಲ್ಲಿ ಗಂಡಸು ಈ ಜಾಗದ ಹುಣ್ಣನ್ನು ಮೊದಲು ತೋರಿಸುವುದು, ಗೋಡೆ ಮೇಲೆ ಗುಪ್ತರೋಗ ತಜ್ಞ ಎಂದು ಬರೆಸಿಕೊಂಡವನ ಬಳಿ. ಅಲ್ಲಿ ಮುಲಾಮು ಸಿಗುತ್ತದೆ, ಬಯಾಪ್ಸಿ ಸಿಗುವುದಿಲ್ಲ. ಪಾಟ್ ಬರೆದ ಪಾದರಸದ ಕಥೆ ಓದುವಾಗ ನನಗೆ ನೆನಪಾಗುವುದು ಆ ಗೋಡೆಬರಹಗಳೇ.

ಲಸಿಕೆಯ ಭಾಗ ಈ ಕಥೆಯಲ್ಲಿ ಸಮಾಧಾನದ್ದು. ಆಸ್ಟ್ರೇಲಿಯಾದಲ್ಲಿ ಇಯಾನ್ ಫ್ರೇಜರ್ ಮತ್ತು ಚೀನಾ ಮೂಲದ ಜಿಯಾನ್ ಝೌ 1991ರಲ್ಲಿ ಒಳಗೆ ಡಿಎನ್‌ಎ ಇಲ್ಲದ, ಹೊರಕವಚ ಮಾತ್ರ ಇರುವ ಟೊಳ್ಳು ವೈರಸ್ಸನ್ನು ತಯಾರಿಸಿದರು. ಅದರಿಂದ ಬಂದ ಲಸಿಕೆಗೆ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ನೋಡಲು ಝೌ ಇರಲಿಲ್ಲ, 1999ರಲ್ಲೇ ತೀರಿಕೊಂಡಿದ್ದರು. ಆರಂಭದಲ್ಲಿ ಲಸಿಕೆ ಹೆಣ್ಣುಮಕ್ಕಳಿಗಷ್ಟೇ ಎಂದು ಎಲ್ಲರೂ ತಿಳಿದಿದ್ದರು. 2013ರಲ್ಲಿ ಆಸ್ಟ್ರೇಲಿಯಾ ಸರ್ಕಾರದ ವೆಚ್ಚದಲ್ಲಿ ಗಂಡುಮಕ್ಕಳಿಗೂ ಕೊಡಲು ಶುರುಮಾಡಿತು, 2019ರಲ್ಲಿ ಇಂಗ್ಲೆಂಡ್ ಅದನ್ನೇ ಮಾಡಿತು. ಮೆಲ್ಬರ್ನ್‌ನಲ್ಲೋ ಲಂಡನ್ನಿನಲ್ಲೋ ಓದುವ ಕನ್ನಡದ ಹುಡುಗನಿಗೆ ಶಾಲೆಯಲ್ಲೇ ಅದು ಸಿಗುತ್ತದೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂದಾಗ ಅದಕ್ಕಿದ್ದ ಪರವಾನಗಿಯೂ 9ರಿಂದ 26 ವರ್ಷದ ಹುಡುಗ ಹುಡುಗಿಯರಿಬ್ಬರಿಗೂ. ಅಂಗಡಿಯಲ್ಲಿ ಕೇಳುವವರು ಮಾತ್ರ ಬಹುಪಾಲು ಹೆಣ್ಣುಮಕ್ಕಳ ತಂದೆತಾಯಂದಿರು.

ಈ ಲಸಿಕೆ ತಡೆಯುವುದು ಎರಡು ಕಾಯಿಲೆಗಳಲ್ಲಿ ಒಂದನ್ನು. ಅದರಲ್ಲೂ ಹೆಚ್ಚು ಬದುಕಿಸುವಂಥದ್ದನ್ನು. ಇನ್ನೊಂದಕ್ಕೆ, ಹೆಚ್ಚು ಜೀವ ತೆಗೆಯುವ, ವೈರಸ್ಸಿನ ಹಂಗಿಲ್ಲದ ಗಡ್ಡೆಗೆ, ಸೂಜಿಯಿಂದ ರಕ್ಷಣೆಯಿಲ್ಲ. ಅದು ಹುಟ್ಟುವುದು ವರ್ಷಾನುಗಟ್ಟಲೆ ಸರಿಯದೆ ಬಿಗಿದ ಮುಂದೊಗಲಿನಡಿ, ಲೈಕನ್ ಸ್ಕ್ಲೀರೋಸಸ್ ಎಂಬ ಬಿಳಿಚಿದ ಗಡಸು ಚರ್ಮದ ಮೇಲೆ, ಬೀಡಿ ಸೇದುವವರಲ್ಲಿ ಇನ್ನೂ ಹೆಚ್ಚಾಗಿ. ಬಿಗಿದ ಮುಂದೊಗಲಿಗೆ ಅರ್ಧ ಗಂಟೆಯ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಬಿಳಿಚಿದ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್ ಮುಲಾಮು ತಾಲ್ಲೂಕು ಕೇಂದ್ರದ ಔಷಧಿ ಅಂಗಡಿಯಲ್ಲೂ ಸಿಗುತ್ತದೆ. ನಾಲ್ಕು ವಾರದಲ್ಲಿ ಮಾಯದ ಯಾವ ಹುಣ್ಣನ್ನೇ ಆಗಲಿ, ಸರ್ಕಾರಿ ಆಸ್ಪತ್ರೆಯ ಶಸ್ತ್ರವೈದ್ಯರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬಲ್ಲರು. ಅದರ ವರದಿಯಲ್ಲಿ ಈಗ ಪಿ16 ಎಂಬ ಒಂದು ಸಾಲನ್ನೂ ಕೇಳಿ ಬರೆಸಿಕೊಳ್ಳಬಹುದು.